ಬೀಳುವವರ ಜಾಮೀನು

ಪುಣೆಗೆ ಬಂದು ಮಗಳ ಮನೆಯಲ್ಲಿ ನೆಲೆಸಿದ ಮೇಲೆ ನಾನು ಕಲಿತ ಹೊಸ ಶಬ್ದಗಳಲ್ಲಿ ‘ಗ್ರೈಂಡ್’ ಒಂದು. ಅಲ್ಲಿಯವರೆಗೆ ಗ್ರೈಂಡ್ ಅಂದರೆ ಇಡ್ಲಿಹಿಟ್ಟು ರುಬ್ಬೋದು ಅಂತಲೇ ತಿಳಿದಿದ್ದ ಧಾರವಾಡದ ಮನುಷ್ಯ ನಾನು. ಹದಿನಾಲ್ಕರ ಮೊಮ್ಮಗ ತಿದ್ದಿದ. ಸ್ಕೇಟ್‌ಬೋರ್ಡಿನ ಗಾಲಿಗಳನ್ನು ಹಿಡಿದಿರುವ ಲೋಹದ ಭಾಗಕ್ಕೆ ಟ್ರಕ್ ಎಂದು ಹೆಸರು. ವೇಗವಾಗಿ ಬಂದು, ಬೋರ್ಡಿನ ಹಿಂತುದಿಯನ್ನು ಕಾಲಿನಿಂದ ನೆಲಕ್ಕೆ ಬಡಿದು, ಬೋರ್ಡಿನ ಸಮೇತ ಮೇಲಕ್ಕೆ ಹಾರಬೇಕು. ಆ ಎರಡೂ ಟ್ರಕ್ಕುಗಳನ್ನು ಕಬ್ಬಿಣದ ಕಂಬಿಯ ಮೇಲೆ ಇಳಿಸಿ, ಉಜ್ಜುತ್ತಾ ಸಾಗಿ, ಆಚೆ ತುದಿಯಲ್ಲಿ ನೆಲ ಮುಟ್ಟಬೇಕು. ಕೇಳಿಯೇ ನನ್ನ ಮೊಣಕಾಲು ನೋಯಿತು.

“ಅಂಜಿ ಹಿಂದಕ್ಕ ವಾಲಿದ್ರ ಬೋರ್ಡು ಮುಂದ ಓಡ್ತದ ಅಜ್ಜಾ, ನಾವು ಬೆನ್ನಮ್ಯಾಲೆ ಬೀಳ್ತೀವಿ” ಅಂದ.

ಹುಡುಗರು ನಾಲ್ವರು ದುಡ್ಡು ಕೂಡಿಸಿ, ವೆಲ್ಡಿಂಗ್ ಅಂಗಡಿಯಲ್ಲಿ ಒಂದಡಿ ಎತ್ತರದ ಕಂಬಿ ಮಾಡಿಸಿದ್ದರು. ಸೊಸೈಟಿಯ ಪಾರ್ಕಿಂಗ್ ಹಿಂದಿನ ಮೂಲೆಯಲ್ಲಿ ಅದನ್ನಿಡಲು ಹಿರಿಯರೊಬ್ಬರು ಹೊಣೆ ಹೊತ್ತು ಸಹಿ ಮಾಡಬೇಕೆಂದು ಕಮಿಟಿ ಹೇಳಿತು. ಕಾಗದ ನನ್ನ ಬಳಿ ಬಂತು. “ಬಿದ್ದರೆ ಯಾರು ಹೊಣೆ?” ಎಂದು ಕೇಳಿದೆ. ಯಾರೂ ಉತ್ತರಿಸಲಿಲ್ಲ. ವಾದ ಗೆದ್ದೆ ಅಂದುಕೊಂಡು ಕಾಗದ ವಾಪಸು ಕೊಟ್ಟೆ.

ಅವರು ಮುಚ್ಚಿಹೋದ ಒಂದು ವಾಣಿಜ್ಯ ಸಂಕೀರ್ಣದ ಮೆಟ್ಟಿಲಿಗೆ ಹೋದರು. ಅಲ್ಲಿದ್ದದ್ದು ಎಂಟು ಮೆಟ್ಟಿಲ ಉದ್ದಕ್ಕೂ ಇಳಿಯುವ ಕೈಪಿಡಿ. ಮೊಮ್ಮಗನ ಎಡ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು. ನಮ್ಮ ಸೊಸೈಟಿಯ ರಿಜಿಸ್ಟರಿನಲ್ಲಿ ಮಾತ್ರ ಯಾವ ಅಪಘಾತವೂ ದಾಖಲಾಗಲಿಲ್ಲ.

ಈ ಸ್ವಚ್ಛ ರಿಜಿಸ್ಟರು ನನಗೆ ಹಳೆಯ ಪರಿಚಯ. ಸಾಲವನ್ನೇ ಕೊಡದ ಅಧಿಕಾರಿಗೆ ಕೆಟ್ಟ ಸಾಲ ಅನ್ನುವುದೇ ಇಲ್ಲ. ಒಂದು ಶಾಖೆಯಲ್ಲಿದ್ದಾಗ ಜಾಮೀನು ಸಾಲದೆಂದು ಒಬ್ಬ ನೇಕಾರನ ಅರ್ಜಿ ತಿರಸ್ಕರಿಸಿದ್ದೆ. ನಿಯಮದಂತೆ ಅದು ಸರಿಯೇ. ಆತ ಬಡ್ಡಿ ವ್ಯಾಪಾರಿಯ ಮನೆಗೆ ಹೋದ, ಮುಂದೆ ಮಗ್ಗ ಮಾರಿದ ಅಂತ ಚಹಾದಂಗಡಿಯಲ್ಲಿ ತಿಳಿಯಿತು. ಇನ್‌ಸ್ಪೆಕ್ಷನ್ನಿಗೆ ಬಂದವರು ನನ್ನನ್ನು ಹೊಗಳಿಯೇ ಹೋದರು. ನಾನು ಕಾಪಾಡಿದ್ದು ಬ್ಯಾಂಕಿನ ಹಣವನ್ನೋ, ನನ್ನ ನಿದ್ದೆಯನ್ನೋ?

ಹಾಗಂತ ಸಹಿ ಮಾಡಿದ್ದರೆ ಎಲ್ಲ ನೆಟ್ಟಗಾಗುತ್ತಿತ್ತು ಅನ್ನಲಾರೆ. ಒಂದಡಿ ಎತ್ತರದಿಂದಲೂ ಕೈ ಮುರಿಯಬಹುದು. ಆಗ ಮಗಳು “ಅಪ್ಪಾ, ನೀವೇ ಹೂಂ ಅಂದ್ರಾ?” ಎಂದು ಕೇಳಿದ್ದರೆ ನನ್ನ ಬಳಿ ಉತ್ತರವಿರುತ್ತಿರಲಿಲ್ಲ. ಪರರ ಮಕ್ಕಳ ಧೈರ್ಯವನ್ನು ಹೊಗಳುವುದು ಸುಲಭ. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಜಪಾನಿನ ಹದಿಮೂರರ ಮೊಮಿಜಿ ನಿಶಿಯಾ ಇದೇ ಆಟದಲ್ಲಿ ಚಿನ್ನ ಗೆದ್ದಾಗ ನಾನೂ ಟೀವಿ ಮುಂದೆ ಚಪ್ಪಾಳೆ ತಟ್ಟಿದವನೇ. ಪ್ಲಾಸ್ಟರು ಬಿಚ್ಚಿದ ದಿನ, ಎಲ್ಲರಿಗೂ ಪದಕ ಸಿಗೋದಿಲ್ಲಪ್ಪಾ ಅಂದೆ.

“ಪದಕ ಯಾರಿಗೆ ಬೇಕಾಗೇದ ಅಜ್ಜಾ? ಕಂಬಿಮ್ಯಾಲೆ ಹೋಗೂವಾಗ ಆ ಸಪ್ಪಳ ಕೇಳಿದ್ದಿಯೇನು?”

ಕೇಳಿರಲಿಲ್ಲ. ಸಹಿ ಮಾಡಿದೆ. ಸಾಲ ಮಂಜೂರಾತಿ ಪತ್ರದ ಹಾಗೆ ಷರತ್ತು ಹಾಕಿದೆ: ಹೆಲ್ಮೆಟ್ಟು, ಮಣಿಕಟ್ಟಿಗೆ ಗಾರ್ಡು, ಕತ್ತಲಾದ ಮೇಲೆ ಆಟವಿಲ್ಲ.

ಈಗ ಸಂಜೆ ಅಲ್ಲೇ ಬೆಂಚಿನ ಮೇಲೆ ಕೂಡುತ್ತೇನೆ. ಕಂಬಿ ಜಾರಲೆಂದು ಅವರು ಮೇಣ ಉಜ್ಜುತ್ತಾರೆ. ಕರೆಂಟು ಹೋದಾಗ ಉರಿಸಿದ ಮೋಂಬತ್ತಿಯ ತುಂಡುಗಳನ್ನು ನಾನೇ ಒಯ್ಯುತ್ತೇನೆ. ಬಿದ್ದ ಸದ್ದಾದಾಗಲೆಲ್ಲ ಅರ್ಧ ಎದ್ದು ಮತ್ತೆ ಕೂಡುತ್ತೇನೆ. ಕಾಗದದ ಮೇಲಿನ ಸಹಿ ನನ್ನದು ಅಂತ ಮಗಳಿಗೆ ಇನ್ನೂ ಹೇಳಿಲ್ಲ.