ಪಕ್ಕದಲ್ಲಿ ನಿಲ್ಲುವವರನ್ನು ಕೊಡು

ಅಜ್ಜಾ, ಗವಿಸಿದ್ಧಪ್ಪಾ,

ಇರಕಲ್ಲಗಡದಿಂದ ಕೊಪ್ಪಳದ ನಿನ್ನ ಗವಿಮಠದ ಗುಡ್ಡಕ್ಕೆ ಬರುವವರೆಲ್ಲ ಏನಾದರೊಂದು ಬೇಡಿಕೊಂಡೇ ಬರುತ್ತಾರೆ. ಮಳೆ ಬೇಡುತ್ತಾರೆ, ಮಕ್ಕಳಿಗೆ ನೌಕರಿ ಬೇಡುತ್ತಾರೆ, ದುಡಿಯಲು ಮಂಗಳೂರಿಗೋ ಬೆಂಗಳೂರಿಗೋ ಹೋದವರು ಕೈಕಾಲು ನೆಟ್ಟಗಿದ್ದು ತಿರುಗಿ ಬರಲೆಂದು ಹರಕೆ ಹೊರುತ್ತಾರೆ. ನಾನು ಸರ್ಕಾರಿ ದವಾಖಾನೆಯಲ್ಲಿ ದುಡಿಯುವ ನರ್ಸ್. ಬೇಡುವುದು ನನಗೂ ಬಹಳ ಇದೆ, ಆದರೆ ಇವತ್ತು ಒಂದನ್ನೇ ಬೇಡಿಕೊಳ್ಳುತ್ತೇನೆ. ಈ ಸೀಮೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ಪ್ರತಿ ಹುಡುಗಿಯ, ಪ್ರತಿ ಹುಡುಗನ ಪಕ್ಕದಲ್ಲಿ ಆ ಕೆಲಸ ಬಲ್ಲ ಒಬ್ಬರನ್ನು ನಿಲ್ಲಿಸು.

ನಿನ್ನ ಗುಡ್ಡದ ಬಂಡೆಯ ಮೇಲೆ ಅಶೋಕ ಬರೆಸಿದ ಶಾಸನ ಇದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಳೆಯದು, ವಿದ್ವಾಂಸರ ಕಣ್ಣಿಗೆ ಬಿದ್ದದ್ದು 1931ರಲ್ಲಿ. ಒಳ್ಳೆಯದರ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ದಕ್ಕುತ್ತದೆ ಎಂದು ಅದರ ಸಾರ. ನಮ್ಮಂಥವರ ಮಕ್ಕಳಿಗೆ ಇಂದಿಗೂ ಎಲ್ಲರೂ ಹೇಳುವುದು ಇದನ್ನೇ. ಓದವಾ, ಪ್ರಯತ್ನ ಮಾಡಪಾ, ಮುಂದ ಬರ್ತೀ. ಅದೇ ಅಶೋಕ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಬಳ್ಳಾರಿ ಕಡೆಯ ನಿಟ್ಟೂರಿನಲ್ಲಿ ಇನ್ನೂ ಒಂದಿಷ್ಟು ಸೇರಿಸಿ ಬರೆಸಿದ. ತಂದೆತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯನಾದವನು ಆಚಾರ್ಯನನ್ನು ಗೌರವಿಸಬೇಕು ಎಂದು ಅಲ್ಲಿದೆ. ಕೊಪ್ಪಳದ ಎರಡು ಶಾಸನಗಳಲ್ಲಿ, ಗವಿಮಠದ್ದರಲ್ಲೂ ಪಾಲ್ಕಿಗುಂಡಿನದರಲ್ಲೂ, ಆ ಭಾಗ ಇಲ್ಲ. ನಮ್ಮ ಪಾಲಿಗೆ ಪ್ರಯತ್ನದ ಮಾತಷ್ಟೇ ಬಂತು. ಪ್ರಯತ್ನಕ್ಕೆ ನಮ್ಮವರು ಎಂದೂ ಕಡಿಮೆ ಮಾಡಿಲ್ಲ ಅಜ್ಜಾ. ನಮಗೆ ಕಡಿಮೆ ಬಿದ್ದದ್ದು ಆ ಇನ್ನೊಂದು ಭಾಗವೇ, ಕಲಿಸುವ ಆಚಾರ್ಯರೇ.

ಹಾಗಂತ ಈ ನೆಲದಲ್ಲಿ ಕಲಿಸುವವರೇ ಇರಲಿಲ್ಲ ಎನ್ನಲಾರೆ. ಕಿನ್ನಾಳದ ಚಿತ್ರಗಾರರ ಮನೆಯ ಮಗು ಹುಟ್ಟಿದಾಗಿನಿಂದ ಹಗುರ ಮರದ ಕೆತ್ತನೆ, ಹುಣಸೆ ಬೀಜದ ಅಂಟು, ಬಣ್ಣದ ಬಟ್ಟಲು ನೋಡಿಕೊಂಡೇ ಬೆಳೆಯುತ್ತದೆ. ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ಕಡೆಯವರೆಲ್ಲ ಹಿಗ್ಗಿದೆವು. ತೊಗಲುಗೊಂಬೆ ಆಡಿಸುವ ಆ ವಿದ್ಯೆ ತಲೆಮಾರಿನಿಂದ ತಲೆಮಾರಿಗೆ ಮನೆಯೊಳಗೇ ದಾಟುತ್ತ ಬಂದದ್ದು. ನನ್ನ ಕೆಲಸಕ್ಕೂ ಅಂಥ ಮನೆಗಳಿದ್ದವು. ಪಾವಗಡದ ಸೂಲಗಿತ್ತಿ ನರಸಮ್ಮ, ಸಾವಿರಾರು ಕೂಸುಗಳನ್ನು ಕೈಯಲ್ಲಿ ಹಿಡಿದು 2018ರಲ್ಲಿ ಪದ್ಮಶ್ರೀ ಪಡೆದ ಆ ತಾಯಿ, ಹೆರಿಗೆ ಮಾಡಿಸುವುದನ್ನು ಕಲಿತದ್ದು ತನ್ನ ಅಜ್ಜಿಯಿಂದ.

ಆದರೆ ಇವತ್ತು ನರ್ಸಿಂಗ್ ಮುಗಿಸಿ ಬರುವ ಹುಡುಗಿಯ ಮನೆಯಲ್ಲಿ ನರ್ಸ್ ಅಂತ ಯಾರೂ ಇರುವುದಿಲ್ಲ. ಅವ್ವ ಕೂಲಿಗೆ ಹೋಗುತ್ತಾಳೆ, ಅಪ್ಪ ಸಜ್ಜೆ ಬಿತ್ತುತ್ತಾನೆ. ಮೊದಲ ರಾತ್ರಿ ಪಾಳಿಯಲ್ಲಿ ಏನಾಯಿತೆಂದು ಮನೆಗೆ ಹೋಗಿ ಹೇಳಿದರೆ ಪಾಪ, ಅವರು ಅಂಜುತ್ತಾರೆ ಅಷ್ಟೇ. ಜೂನಿಯರ್ ಎಂಜಿನಿಯರ್ ಆದವನಿಗೂ, ಬ್ಯಾಂಕಿನ ಕೌಂಟರಿನಲ್ಲಿ ಕುಳಿತವಳಿಗೂ, ಕೋರ್ಟಿಗೆ ಕರಿಕೋಟು ಹಾಕಿಕೊಂಡು ಹೊರಟವನಿಗೂ ಇದೇ ಪಾಡು. ತಮ್ಮ ಮನೆಯಲ್ಲಿ ಆ ಕೆಲಸಕ್ಕೆ ಕಾಲಿಟ್ಟ ಮೊದಲಿಗರು ಅವರು. ಅವರಿಗೆ ಹಿರಿಯರು ಬೇಕೆಂದರೆ ಕೆಲಸದ ಜಾಗದಲ್ಲೇ ಸಿಗಬೇಕು.

ನನಗೆ ಸಿಕ್ಕರು. ಅದಕ್ಕೆ ಮೊದಲು ಕೈಮುಗಿಯುತ್ತೇನೆ.

ನಾನು ಮೊದಲು ಸೇರಿದ ದವಾಖಾನೆಯಲ್ಲಿ ಹಿರಿಯ ಸಿಸ್ಟರ್ ಒಬ್ಬರಿದ್ದರು. ಎಲ್ಲರೂ ಅಕ್ಕಾರು ಅನ್ನುತ್ತಿದ್ದೆವು. ಡ್ಯೂಟಿಗೆ ಬಂದವರೇ ಚೀಲ ಇಟ್ಟು ನೇರ ಹೆರಿಗೆ ಕೋಣೆಗೆ ಹೋಗಿ, ಅಳದ ಕೂಸಿಗೆ ಉಸಿರು ಕೊಡುವ ಆಂಬು ಬ್ಯಾಗ್ ಕೈಗೆತ್ತಿಕೊಳ್ಳುತ್ತಿದ್ದರು. ಮಾಸ್ಕನ್ನು ಅಂಗೈಗೆ ಒತ್ತಿ ಹಿಡಿದು ಬ್ಯಾಗ್ ಹಿಚುಕಿ, ಗಾಳಿ ಸೋರುವುದಿಲ್ಲವೆಂದು ಖಾತ್ರಿಯಾದ ಮೇಲೆ ಕೂಸನ್ನು ಬೆಚ್ಚಗಿಡುವ ವಾರ್ಮರ್ ಪಕ್ಕ ಇಡುತ್ತಿದ್ದರು. ಆಮೇಲೆ ಫ್ರಿಜ್ ಬಾಗಿಲು ತೆರೆದು, ಹೆರಿಗೆಯ ನಂತರ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಎಷ್ಟಿದೆ, ತಣ್ಣಗಿದೆಯೋ ಇಲ್ಲವೋ ನೋಡುವುದು. ಆಮೇಲೆ ಬಲ್ಬು, ಕತ್ತರಿ, ಒಣ ಬಟ್ಟೆ. “ಕೂಸು ಅಳಲಿಲ್ಲ ಅಂದ್ರ ನಿನಗ ಸಿಗೋದು ಒಂದ ನಿಮಿಷ. ಆ ನಿಮಿಷದಾಗ ಸಾಮಾನು ಹುಡುಕ್ಯಾಡಬಾರದವಾ” ಎಂದು ಒಮ್ಮೆ ಹೇಳಿದರು. ಮತ್ತೆ ಹೇಳಲಿಲ್ಲ. ದಿನಾ ಅವರು ಮಾಡುವುದನ್ನು ನೋಡುತ್ತಿದ್ದೆನಲ್ಲ, ಅಷ್ಟು ಸಾಕಾಯಿತು.

ಹೆರಿಗೆ ಬ್ಯಾನಿ ಎಣಿಸುವುದನ್ನು ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಹತ್ತು ನಿಮಿಷದಲ್ಲಿ ಎಷ್ಟು ಸಲ, ಒಂದೊಂದೂ ಎಷ್ಟು ಸೆಕೆಂಡ್ ಎಂದು ಕೇಳಿದರೆ ಉತ್ತರ ಬಾಯಿಗೆ ಬರುತ್ತಿತ್ತು. ಒಮ್ಮೆ ಅಕ್ಕಾರು ನನ್ನ ಮಣಿಕಟ್ಟು ಹಿಡಿದು ಅಂಗೈಯನ್ನು ಹೆರಿಗೆಗೆ ಬಂದಿದ್ದ ಹೆಣ್ಣುಮಗಳೊಬ್ಬಳ ಹೊಟ್ಟೆಯ ಮೇಲ್ಭಾಗದಲ್ಲಿ ಇಟ್ಟರು, ಮೇಲೆ ತಮ್ಮ ಕೈ ಇಟ್ಟುಕೊಂಡರು. “ಒತ್ತಬ್ಯಾಡ, ಸುಮ್ಮನ ಇಡು. ಈಗ ಬಿಗೀತೈತಿ ನೋಡು.” ಬೆರಳ ಕೆಳಗೆ ಗರ್ಭಕೋಶ ನಿಧಾನವಾಗಿ ಗಟ್ಟಿಯಾಗುತ್ತ ಬಂತು. ಆ ಹೆಣ್ಣುಮಗಳು ಇನ್ನೂ ಸುಮ್ಮನೇ ಇದ್ದಳು. ಕ್ಷಣ ಕಳೆದ ಮೇಲೆ ಅವಳ ಮುಖ ಕಿವುಚಿತು. “ಆಕಿ ಒದರೋದಕ್ಕ ಮೊದಲ ನಿನ್ನ ಕೈಗೆ ಗೊತ್ತಾಗಬೇಕು” ಅಂದರು. ಅವರ ಕೈಯ ಕೆಳಗೆ ಇದ್ದದ್ದರಿಂದ ನನ್ನ ಕೈಗೆ ತಿಳಿದ ಸಂಗತಿ ಅದು. ಇವತ್ತಿಗೂ ಹೊಟ್ಟೆಯ ಮೇಲೆ ಕೈ ಇಟ್ಟಾಗ ಅವರ ಆ ಹದವೇ ನನ್ನನ್ನು ನಡೆಸುತ್ತದೆ.

ಹೆರಿಗೆ ಹೇಗೆ ಸಾಗುತ್ತಿದೆ ಎಂದು ಗುರುತು ಹಾಕುವ ಹಾಳೆ, ಪಾರ್ಟೊಗ್ರಾಫ್, ತುಂಬುವುದನ್ನೂ ಅವರೇ ರೂಢಿ ಹಚ್ಚಿದರು. ಗರ್ಭದ ಬಾಯಿ 4 ಸೆಂಟಿಮೀಟರ್ ತೆರೆದಲ್ಲಿಂದ ಗುರುತು ಶುರು, ಅರ್ಧ ಗಂಟೆಗೊಮ್ಮೆ ಕೂಸಿನ ಎದೆಬಡಿತದ ಚುಕ್ಕೆ, ಎಚ್ಚರಿಕೆಯ ಗೆರೆ, ಅದರ ಬಲಕ್ಕೆ ನಾಲ್ಕು ಗಂಟೆ ದೂರದಲ್ಲಿ ಕ್ರಮ ಕೈಗೊಳ್ಳುವ ಗೆರೆ. ಎಷ್ಟೋ ಕಡೆ ಈ ಹಾಳೆಯನ್ನು ಹೆರಿಗೆ ಮುಗಿದ ಮೇಲೆ ಕೂತು ತುಂಬುತ್ತಾರೆ. “ಹಡೆದ ಮ್ಯಾಲೆ ಬರೆದ್ರ ಅದು ಆಫೀಸಿಗೆ ಲೆಕ್ಕ ಆಗತೈತಿ, ಆಕಿಗೇನು ಉಪಯೋಗ?” ಎನ್ನುವುದು ಅಕ್ಕಾರ ಪ್ರಶ್ನೆ. ಗುರುತು ಮೊದಲ ಗೆರೆ ದಾಟಿತೆಂದರೆ 108ಕ್ಕೆ ಫೋನ್ ಹಚ್ಚಿ ಎನ್ನುತ್ತಿದ್ದರು. ಅದಕ್ಕಿಂತ ಕಷ್ಟದ ಕೆಲಸ ಕೊಪ್ಪಳದ ದೊಡ್ಡ ದವಾಖಾನೆಗೆ ಹೋಗಲು ಮನೆಯವರನ್ನು ಒಪ್ಪಿಸುವುದು. ಅತ್ತೆಯಾದವಳ ಪಕ್ಕ ಬೆಂಚಿನ ಮೇಲೆ ಕೂತು, ಆಕೆಯ ಕೈ ಹಿಡಿದು, ಮೊದಲು ಆಕೆಯ ಹೆರಿಗೆಗಳ ಕಥೆ ಕೇಳುತ್ತಿದ್ದರು. ಕೇಳಿ ಮುಗಿಯುವಷ್ಟರಲ್ಲಿ ಆಕೆಯೇ ಗಾಡಿ ಹತ್ತಲು ಎದ್ದಿರುತ್ತಿದ್ದಳು. ಇದನ್ನು ಕಲಿಸುವ ಪುಸ್ತಕವನ್ನು ನಾನು ಎಲ್ಲೂ ಕಂಡಿಲ್ಲ.

ಕೂಸು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡುವುದು ಎಲ್ಲ ನರ್ಸುಗಳಿಗೂ ಗೊತ್ತು. ಮಾಸು ಬಿದ್ದ ಮೇಲೂ ರಕ್ತ ನಿಲ್ಲದಿದ್ದಾಗ, ಕೋಣೆಯಲ್ಲಿ ಎಲ್ಲರೂ ಒಮ್ಮೆಲೇ ಮಾತಾಡತೊಡಗಿದಾಗ, ಧ್ವನಿ ಏರಿಸದೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚುವುದು ಎಲ್ಲರಿಗೂ ಗೊತ್ತಿರುವುದಿಲ್ಲ. ಅದನ್ನು ಅಕ್ಕಾರ ಬೆನ್ನ ಹಿಂದೆ ನಿಂತು ಕಲಿತೆ.

ಅಜ್ಜಾ, ಇದು ನನ್ನೊಬ್ಬಳ ಪುಣ್ಯವಾಗಿ ಉಳಿಯಬಾರದೆಂದು ಯೋಚಿಸಿದವರೂ ಈ ನಾಡಿನಲ್ಲಿದ್ದರು. ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ‘ಸುಕ್ಷೇಮ’ ಎಂಬ ಯೋಜನೆ ನಡೆಯಿತು, ಅದರಲ್ಲಿ ನಮ್ಮ ಕೊಪ್ಪಳವೂ ಇತ್ತು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಆರೋಗ್ಯ ಇಲಾಖೆಯ ಜೊತೆ ಸೇರಿ ನಡೆಸಿದ ಕೆಲಸ. ಅನುಭವಿ ನರ್ಸುಗಳನ್ನು ಆರಿಸಿ, ತರಬೇತಿ ಕೊಟ್ಟು, ನರ್ಸ್ ಮೆಂಟರ್ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಳಿಸಿದರು. ನರ್ಸುಗಳನ್ನು ಜಿಲ್ಲಾ ಕೇಂದ್ರದ ಸಭಾಂಗಣಕ್ಕೆ ಕರೆಸಿ ಪರದೆಯ ಮೇಲೆ ಚಿತ್ರ ತೋರಿಸಿ ಊಟ ಹಾಕಿ ಕಳಿಸುವ ತರಬೇತಿ ನಮಗೆ ಹೊಸದಲ್ಲ. ಇವರು ಹಾಗೆ ಮಾಡದೆ ನಮ್ಮ ಕೋಣೆಗೇ ಬಂದರು. ನಮ್ಮ ಕೆಟ್ಟ ಫ್ರಿಜ್, ನಮ್ಮ ಕರೆಂಟು, ನಮ್ಮ ಒಂದೇ ಒಂದು ಮಂಚ, ಎಲ್ಲದರ ನಡುವೆ ನಿಂತು ಮಾಡಿ ತೋರಿಸಿದರು. ಕೇಸ್ ಶೀಟನ್ನೇ ಹೊಸದಾಗಿ ರೂಪಿಸಿ, ಮುಂದೆ ಏನು ನೋಡಬೇಕೆಂದು ಅದೇ ನೆನಪಿಸುವಂತೆ ಮಾಡಿದರು. ಅವರು ತೋರಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಅಕ್ಕಾರು ಯಾರೂ ಹೇಳದೆ ಮಾಡುತ್ತಿದ್ದ ಕೆಲಸವೇ ಆಗಿತ್ತು. ಅದನ್ನು ಕಂಡು ನನಗಾದ ಸಂತೋಷ ನಿನಗೆ ಗೊತ್ತು.

ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳಲ್ಲಿ ಈ ನರ್ಸ್ ಮೆಂಟರುಗಳ ಕೆಲಸದ ಫಲವನ್ನು ಅಳೆದೂ ನೋಡಿದರು. 54 ಕೇಂದ್ರಗಳಿಗೆ ಮೆಂಟರುಗಳು ಹೋದರು, ಇನ್ನು 54ಕ್ಕೆ ಹೋಗಲಿಲ್ಲ. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೆಂಟರು ಹೋದ ಕಡೆ ತೊಡಕಿನ ಹೆರಿಗೆಗೆ ಬೇಕಾದ ಔಷಧ, ಸಾಮಾನುಗಳ ಸಿದ್ಧತೆ ಮೇಲಾಗಿತ್ತು, ನರ್ಸುಗಳ ತಿಳಿವಳಿಕೆ ಹೆಚ್ಚಿತ್ತು. ಕಟ್ಟಡ ಅದೇ, ಸಂಬಳ ಅದೇ, ನರ್ಸುಗಳೂ ಅವರೇ. ನಡುವೆ ಒಬ್ಬರು ಬಂದು ನಿಂತು ಹೋಗಿದ್ದರು, ಅಷ್ಟೇ ವ್ಯತ್ಯಾಸ. ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 2007–09ರಲ್ಲಿ 178 ತಾಯಂದಿರು ತೀರಿಕೊಳ್ಳುತ್ತಿದ್ದರು, 2018–20ರ ಹೊತ್ತಿಗೆ ಅದು 69ಕ್ಕೆ ಇಳಿದಿತ್ತು. ಇಳಿಸಿದ ಕೈಗಳು ಹಲವು. ಅಂಬುಲೆನ್ಸ್ ಓಡಿಸಿದವರು, ಮನೆಮನೆ ತಿರುಗಿದ ಆಶಾಗಳು, ರಕ್ತ ಕೊಟ್ಟವರು, ಡಾಕ್ಟರುಗಳು. ಆ ಕೈಗಳ ನಡುವೆ, ಇನ್ನೊಬ್ಬಳ ಕೈಯ ಮೇಲೆ ಕೈ ಇಟ್ಟು ಕಲಿಸಿದವಳ ಕೈಯೂ ಇದೆ ಎಂದು ನಾನು ನಂಬಿದ್ದೇನೆ. ಯೋಜನೆ ಎಂದ ಮೇಲೆ ಒಂದು ದಿನ ಮುಗಿಯುತ್ತದೆ. ಅದು ತೋರಿಸಿಕೊಟ್ಟ ದಾರಿ ಮುಚ್ಚಿಹೋಗದಂತೆ ನೋಡಿಕೋ.

ಗುರು ಸಿಗುವುದು ಎಂದರೇನೆಂದು ಪಕ್ಕದ ಗದುಗಿನವರಿಗೆ ಗೊತ್ತಿದೆ. ಕಣ್ಣಿಲ್ಲದ ಹುಡುಗನೊಬ್ಬನನ್ನು ಹಾನಗಲ್ಲ ಕುಮಾರಸ್ವಾಮಿಗಳು ಕೈಹಿಡಿದರು, ಅವನು ಪಂಚಾಕ್ಷರಿ ಗವಾಯಿಯಾದ. ಆ ಗವಾಯಿಗಳು ಊರೂರು ಅಲೆದು, ನಾಟಕ ಕಂಪನಿ ಕಟ್ಟಿ, ಶಿಷ್ಯರ ಹೊಟ್ಟೆ ಹೊರೆದು, ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. 1944ರಲ್ಲಿ ಅವರು ಹೋದ ಮೇಲೆ ಶಿಷ್ಯ ಪುಟ್ಟರಾಜರು ವೀರೇಶ್ವರ ಪುಣ್ಯಾಶ್ರಮವನ್ನು 2010ರಲ್ಲಿ ತಮ್ಮ ಉಸಿರು ನಿಲ್ಲುವವರೆಗೂ ನಡೆಸಿದರು. ಅಲ್ಲಿ ಕಲಿತವರಿಗೆ ವಿದ್ಯೆ ಸಿಕ್ಕಿತು, ಜೊತೆಗೆ ದುಡಿದು ತಿನ್ನುವ ದಾರಿಯೂ ಸಿಕ್ಕಿತು. ಮನೆಯಲ್ಲಿ ಸಂಗೀತ ಇಲ್ಲದವರಿಗೆ ಆಶ್ರಮವೇ ಸಂಗೀತದ ಮನೆಯಾಯಿತು. ನನ್ನ ಬೇಡಿಕೆ ಇಷ್ಟೇ ಅಜ್ಜಾ: ನಮ್ಮ ದವಾಖಾನೆ, ನಮ್ಮ ಶಾಲೆ, ನಮ್ಮ ಕಚೇರಿಗಳಲ್ಲೂ ಹೊಸಬರಿಗೆ ಅಂಥದೊಂದು ಮನೆಯಾಗಲಿ.

ಅದಕ್ಕೆ ಬಲ್ಲವರ ಮನಸ್ಸು ದೊಡ್ಡದು ಮಾಡು. ನಾನು ಕಷ್ಟಪಟ್ಟು ಕಲಿತೆ, ಅವಳೂ ಹಾಗೇ ಕಲಿಯಲಿ ಎಂಬ ಮಾತು ಎಷ್ಟೋ ಒಳ್ಳೆಯ ಕೆಲಸಗಾರರ ಬಾಯಲ್ಲೂ ಬರುತ್ತದೆ, ಅದನ್ನು ಕೇಳಿದಾಗ ನನಗೆ ಬಹಳ ಸಂಕಟವಾಗುತ್ತದೆ. ಹೆರಿಗೆ ಕೋಣೆಯಲ್ಲಿ ಆ ಕಷ್ಟಕ್ಕೆ ಬೆಲೆ ಕೊಡುವವಳು ಮಂಚದ ಮೇಲೆ ಮಲಗಿರುತ್ತಾಳೆ.

ಕಲಿಯುವವರಿಗೆ ಕೇಳುವ ಧೈರ್ಯ ಕೊಡು. ರಾತ್ರಿ ಎರಡು ಗಂಟೆಗೆ ಫೋನ್ ಹಚ್ಚಿ “ಅಕ್ಕಾ, ನನಗ ತಿಳೀವಲ್ದು” ಎಂದು ಹೇಳಲು ಬೇಕಾದ ಧೈರ್ಯ ಸಣ್ಣದಲ್ಲ. ಗಂಡಸು ಸಹೋದ್ಯೋಗಿಗಳ ಮುಂದೆ, ದೊಡ್ಡ ಊರಿನಲ್ಲಿ ಓದಿ ಬಂದವರ ಮುಂದೆ ನಮ್ಮ ಹುಡುಗಿಯರಿಗೆ ಬಾಯಿ ಕಟ್ಟುತ್ತದೆ. ಆ ಕಟ್ಟು ಬಿಚ್ಚಿಸು. ಫೋನ್ ಎತ್ತಿದವರ ಧ್ವನಿಯಲ್ಲಿ ಸಿಟ್ಟು ಇರದಂತೆ ಮಾಡು.

ಮೇಲಿನ ಅಧಿಕಾರಿಗಳಿಗೂ ಒಂದು ಬುದ್ಧಿ ಕೊಡು. ಒಬ್ಬ ನರ್ಸ್ ಎಷ್ಟು ಹೆರಿಗೆ ಮಾಡಿಸಿದಳು, ಎಷ್ಟು ಚುಚ್ಚುಮದ್ದು ಹಾಕಿದಳು ಎಂಬುದೆಲ್ಲ ರಿಜಿಸ್ಟರಿನಲ್ಲಿ ಬರುತ್ತದೆ. ಎಷ್ಟು ಜನರನ್ನು ತಯಾರು ಮಾಡಿದಳು ಎಂದು ಬರೆಯಲು ಅದರಲ್ಲಿ ಕಾಲಂ ಇಲ್ಲ. ಕಲಿಸಲು ಕೊಟ್ಟ ಹೊತ್ತನ್ನು ಡ್ಯೂಟಿಯೆಂದೇ ಎಣಿಸಲಿ. ಹಿರಿಯರನ್ನು ನಿವೃತ್ತಿಯ ದಿನ ಶಾಲು ಹೊದಿಸಿ ಕಳಿಸಿಬಿಡುವ ಮೊದಲು, ಅವರ ಕೈಕೆಲಸ ಯಾರ ಕೈಗೆ ದಾಟಿದೆ ಎಂದು ಒಮ್ಮೆ ವಿಚಾರಿಸಲಿ.

ನಿನ್ನ ಮಠದ ಆಸರೆಯಲ್ಲಿ ಉಂಡು, ಮಲಗಿ, ಓದುತ್ತಿರುವ ಬಡ ಮಕ್ಕಳ ದೊಡ್ಡ ದಂಡೇ ಇದೆ. ನಾಳೆ ಅವರೆಲ್ಲ ಕೆಲಸಕ್ಕೆ ಸೇರುವವರೇ. ಅನ್ನ ಕೊಟ್ಟೆ, ಓದಿಗೆ ದಾರಿ ಮಾಡಿದೆ. ಹೊರಗೆ ಹೋದ ಮೇಲೆ ಅವರಿಗೆ ಅಕ್ಕಾರಂಥವರನ್ನು ಹುಡುಕಿಕೊಡು.

ನನ್ನ ಪಾಲಿನ ಬೇಡಿಕೆ ಒಂದಿದೆ. ಬರುವ ತಿಂಗಳು ನಮ್ಮಲ್ಲಿಗೆ ಹೊಸ ಸ್ಟಾಫ್ ನರ್ಸ್ ಬರುತ್ತಾಳೆ, ಕುಷ್ಟಗಿ ಕಡೆಯ ಹುಡುಗಿಯಂತೆ, ಮನೆಯಲ್ಲಿ ನೌಕರಿ ಹಿಡಿದವಳು ಅವಳೇ ಮೊದಲಂತೆ. ಮೊದಲ ಕೆಲವು ರಾತ್ರಿ ಪಾಳಿಗಳನ್ನು ಅವಳಿಗೆ ಒಬ್ಬಳಿಗೇ ಹಾಕಬೇಡಿ, ನನ್ನ ಜೊತೆ ಹಾಕಿ ಎಂದು ಡಾಕ್ಟರನ್ನು ಕೇಳಿದ್ದೇನೆ. ಮಂದಿ ಕಡಿಮೆ ಇದ್ದಾರೆ, ನೋಡೋಣ ಎಂದಿದ್ದಾರೆ. ಅವರು ಹ್ಞೂಂ ಅನ್ನುವಂತೆ ಮಾಡು.