ತೀರ್ಪು ನಮ್ಮ ಕೈಯಲ್ಲಿಲ್ಲ

ದೇವರು ಒಬ್ಬನೇ ಎಂಬ ಮಾತನ್ನು ನಮ್ಮ ಕರಾವಳಿಯಲ್ಲಿ ಅಲ್ಲಗಳೆಯುವವರು ಸಿಗುವುದು ಕಷ್ಟ. ತದಡಿ ಬಂದರಿನಲ್ಲಿ ಮೀನಿನ ಬುಟ್ಟಿ ಹೊತ್ತವರನ್ನು ಕೇಳಿ, ಗೋಕರ್ಣದ ರಥಬೀದಿಯ ಅಂಗಡಿಯವರನ್ನು ಕೇಳಿ, ಭಟ್ಕಳದಲ್ಲಿ ನಮಾಜು ಮುಗಿಸಿ ಬರುವ ಹಿರಿಯರನ್ನು ಕೇಳಿ, ಹೊನ್ನಾವರದ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚುವವರನ್ನು ಕೇಳಿ. ಹೆಸರು ಬೇರೆ ಬೇರೆ, ದೇವರೊಬ್ಬನೇ ಎಂದೇ ಹೇಳುತ್ತಾರೆ. ಮನಸ್ಸಿನಿಂದಲೇ ಹೇಳುತ್ತಾರೆ. ಹಾಗಿದ್ದೂ ಇದೇ ಕರಾವಳಿ ಮತ್ತೆ ಮತ್ತೆ ಹೊತ್ತಿಕೊಂಡದ್ದೇಕೆ?

1993ರಲ್ಲಿ ಭಟ್ಕಳದಲ್ಲಿ ಎದ್ದ ಗಲಭೆ ತಿಂಗಳುಗಟ್ಟಲೆ ಆರಲಿಲ್ಲ. ಜೀವಗಳು ಹೋದವು. ವಿಚಾರಣೆಗೆ ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ಬಂತು. 1996ರ ಏಪ್ರಿಲ್‌ನಲ್ಲಿ ಅಲ್ಲಿನ ಶಾಸಕ ಡಾ. ಯು. ಚಿತ್ತರಂಜನ್ ಗುಂಡಿಗೆ ಬಲಿಯಾದರು. 2017ರ ಡಿಸೆಂಬರ್‌ನಲ್ಲಿ ಹೊನ್ನಾವರ, ಕುಮಟಾ, ಶಿರಸಿಗಳಲ್ಲಿ ಕಲ್ಲು ತೂರಿದರು, ಬೆಂಕಿ ಹಚ್ಚಿದರು. ಇವುಗಳಲ್ಲಿ ಒಂದು ಸಲವಾದರೂ ಜನ ದೇವರ ಸ್ವರೂಪದ ಬಗ್ಗೆ ಜಗಳವಾಡಿದರೇ? ಅವನು ಸಾಕಾರನೋ ನಿರಾಕಾರನೋ ಎಂಬುದಕ್ಕಾಗಿ ಯಾರೂ ಅಂಗಡಿ ಸುಡಲಿಲ್ಲ. ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು, ಯಾರ ಬಾವುಟ ಎಲ್ಲಿ ಹಾರಬೇಕು, ಊರು ಯಾರದು ಎಂಬಲ್ಲೇ ಇಂಥ ಜಗಳಗಳು ಹುಟ್ಟುತ್ತವೆ. ನೆಲ, ಮಾನ, ಭಯ ಇವೇ ಅವುಗಳ ಬೇರು. ದೇವರ ಹೆಸರು ಆಮೇಲೆ ಬಂದು ಸೇರಿಕೊಳ್ಳುತ್ತದೆ.

ಹಾಗೆಂದು ನಂಬಿಕೆಗೆ ಇದರಲ್ಲಿ ಪಾಲೇ ಇಲ್ಲ ಎನ್ನಲಾಗದು. ದೇವರೊಬ್ಬನೇ ಎಂಬ ಒಂದೇ ಮಾತಿನಿಂದ ಎರಡು ದಾರಿ ಹೊರಡುತ್ತವೆ. ಒಬ್ಬನೇ ಆದ್ದರಿಂದ ನೀನು ಕೈಮುಗಿಯುವಲ್ಲೂ ಅವನೇ ಇದ್ದಾನೆ ಎನ್ನುವುದು ಒಂದು. ಒಬ್ಬನೇ, ಅವನು ಎಂಥವನೆಂದು ನನಗೆ ಗೊತ್ತು, ಆದ್ದರಿಂದ ನಿನ್ನದು ಸುಳ್ಳು ಎನ್ನುವುದು ಇನ್ನೊಂದು. ಎರಡನೆಯದರಲ್ಲಿ ಭಕ್ತಿ ಎಷ್ಟೇ ಇರಲಿ, ಅಳತೆ ತಪ್ಪಿದೆ. ಎಲ್ಲವನ್ನೂ ಬಲ್ಲವನು ದೇವರು ಎಂದು ಒಪ್ಪಿದ ಮೇಲೆ, ನಾನು ಎಲ್ಲವನ್ನೂ ಬಲ್ಲವನಲ್ಲ ಎಂಬುದನ್ನೂ ಒಪ್ಪಿದಂತಾಯಿತು. ಒಬ್ಬನೇ ದೇವರನ್ನು ನಂಬುವವನು ಬೇರೆಯವರ ಮೇಲೆ ತೀರ್ಪು ಕೊಡುವುದರಲ್ಲಿ ಎಲ್ಲರಿಗಿಂತ ನಿಧಾನಿಯಾಗಿರಬೇಕಿತ್ತು.

ಆಗಿದ್ದೇನು? 2017ರ ಆ ಡಿಸೆಂಬರ್‌ನಲ್ಲಿ ನಾಪತ್ತೆಯಾಗಿದ್ದ ಯುವಕನೊಬ್ಬನ ಶವ ಹೊನ್ನಾವರದ ಕೆರೆಯಲ್ಲಿ ಸಿಕ್ಕಿತು. ಹೆತ್ತವರ ಸಂಕಟಕ್ಕೆ ಯಾವ ಮಾತೂ ಸಾಲದು. ಆ ಸಂಕಟದ ಜತೆ ಕೂರಬೇಕಾಗಿದ್ದ ಹೊತ್ತಿನಲ್ಲಿ, ಸತ್ತದ್ದು ಹೇಗೆಂದು ತಿಳಿಯುವ ಮೊದಲೇ ಕೊಂದವರು ಯಾರೆಂದು ಜನ ತೀರ್ಮಾನಿಸಿದ್ದರು. ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಕುಮಟಾದಲ್ಲಿ ಪೊಲೀಸ್ ಮಹಾನಿರೀಕ್ಷಕರ ಕಾರನ್ನೇ ಸುಟ್ಟರು. ಆ ಸಾವು ಆಕಸ್ಮಿಕ ಎಂದು ಸಿಬಿಐ ಕೋರ್ಟಿಗೆ ವರದಿ ಕೊಟ್ಟದ್ದು 2022ರ ಅಕ್ಟೋಬರ್‌ನಲ್ಲಿ. ತನಿಖೆಗೆ ಹೆಚ್ಚುಕಡಿಮೆ ಐದು ವರ್ಷ ಹಿಡಿದ ಪ್ರಶ್ನೆಗೆ ಬೀದಿ ಕೆಲವೇ ದಿನಗಳಲ್ಲಿ ಉತ್ತರ ಹೇಳಿಬಿಟ್ಟಿತ್ತು. ದೇವರಿಗೆ ಬಿಡಬೇಕಾದ ಪೀಠದಲ್ಲಿ ನಾವು ಹೋಗಿ ಕೂತದ್ದು ಹೀಗೆ.

ನದಿಗಳೆಲ್ಲ ಒಂದೇ ಸಮುದ್ರ ಸೇರುತ್ತವೆ, ಧರ್ಮಗಳೂ ಹಾಗೆ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಶಿರಸಿಯ ಕಡೆಯಿಂದ ಯಾವ ಅಣೆಕಟ್ಟೂ ಇಲ್ಲದೆ ಇಳಿದುಬರುವ ಅಘನಾಶಿನಿ ಕಡಲು ಸೇರುವುದು ತದಡಿಯಲ್ಲೇ. ಅಲ್ಲಿ ನೋಡಿದರೆ ನದಿ ಸುಮ್ಮನೆ ಕಡಲಲ್ಲಿ ಕರಗಿಹೋಗುವುದಿಲ್ಲ. ಭರತದಲ್ಲಿ ಉಪ್ಪುನೀರು ಮೇಲಕ್ಕೆ ನುಗ್ಗುತ್ತದೆ, ಇಳಿತದಲ್ಲಿ ಸಿಹಿನೀರು ಕೆಳಕ್ಕೆ ಬರುತ್ತದೆ. ಯಾವುದೂ ಪೂರ್ತಿ ಗೆಲ್ಲುವುದಿಲ್ಲ. ಅದಕ್ಕೇ ಆ ಅಳಿವೆಯಲ್ಲಿ ಚಿಪ್ಪಿಕಲ್ಲು ಬೆಳೆಯುತ್ತದೆ, ಸಿಗಡಿ ಮರಿಗಳು ದೊಡ್ಡವಾಗುತ್ತವೆ, ಗಜನಿ ಗದ್ದೆಯಲ್ಲಿ ಉಪ್ಪು ತಾಳುವ ಕಗ್ಗ ಭತ್ತ ತೆನೆ ಬಿಡುತ್ತದೆ. ಕೂಡಿ ಬಾಳಲು ಎಲ್ಲರೂ ಒಂದೇ ರುಚಿಯವರಾಗಬೇಕಿಲ್ಲ. ಇನ್ನೊಬ್ಬರು ಬಂದುಹೋಗಲು ದಾರಿ ತೆರೆದಿದ್ದರೆ ಸಾಕು.

ಆ ದಾರಿ ತೆರೆದಿಟ್ಟವರು ನಮ್ಮಲ್ಲೇ ಇದ್ದಾರೆ. ಭಟ್ಕಳದ ಚೆನ್ನಪಟ್ಟಣ ಹನುಮಂತ ದೇವಸ್ಥಾನದ ರಥೋತ್ಸವ ರಾಮನವಮಿಯಂದು ನಡೆಯುತ್ತದೆ. ತೇರು ಎಳೆಯುವ ಮೊದಲು ದೇವಸ್ಥಾನದವರು ಮುಸ್ಲಿಂ ಮನೆತನವೊಂದರ ಮನೆಗೆ ಹೋಗಿ ಆಮಂತ್ರಣ ಕೊಟ್ಟು ಬರುವ ಪದ್ಧತಿ ಹಿಂದಿನಿಂದಲೂ ಇದೆ. ಅಷ್ಟೆಲ್ಲ ಗಾಯ ಉಂಡ ಊರೂ ಈ ಪದ್ಧತಿಯನ್ನು ಬಿಟ್ಟುಕೊಡಲಿಲ್ಲ. ಡಿಸೆಂಬರ್ 3ರಂದು ಚಂದಾವರದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಇಗರ್ಜಿಯ ಹಬ್ಬಕ್ಕೆ ಹಿಂದೂಗಳೂ ಹರಕೆ ಹೊತ್ತು ಹೋಗುತ್ತಾರೆ. ಹಾಗೆ ಹೋಗುವವರು ತಮ್ಮ ಕುಲದೇವರನ್ನು ಮರೆತವರಲ್ಲ.

ಇವರು ಯಾರೂ ದೇವರ ಬಗ್ಗೆ ಚರ್ಚೆ ಮಾಡಿ ಒಮ್ಮತಕ್ಕೆ ಬಂದವರಲ್ಲ. ಇನ್ನೊಬ್ಬರ ಹೊಸ್ತಿಲು ತುಳಿಯುವ ರೂಢಿಯನ್ನು ಉಳಿಸಿಕೊಂಡವರು. ಆ ರೂಢಿ ಇದ್ದಲ್ಲಿ ಕೆಟ್ಟ ಸುದ್ದಿ ಬಂದಾಗ ಕೇಳಿ ತಿಳಿಯಲು ಒಂದು ಮನೆ ಇರುತ್ತದೆ, ಕರೆದರೆ ಬರುವ ಒಬ್ಬ ಹಿರಿಯ ಇರುತ್ತಾನೆ. ಅದು ತಪ್ಪಿದಲ್ಲಿ ನೆರೆಯವನ ಬಗ್ಗೆ ನಮಗೆ ಗೊತ್ತಿರುವುದು ಯಾರೋ ಕಳಿಸಿದ ಸಂದೇಶ ಮಾತ್ರ.

ದೇವರೊಬ್ಬನೇ ಎಂದು ಮಕ್ಕಳಿಗೆ ನಾವು ಕಲಿಸಿದ್ದೇವೆ. ಅದರ ಜತೆಗೆ ಇಷ್ಟನ್ನೂ ಕಲಿಸಬೇಕು: ತಿಳಿಯದ್ದನ್ನು ತಿಳಿದಿದೆ ಎನ್ನಬೇಡ, ಒಬ್ಬ ಮಾಡಿದ್ದಕ್ಕೆ ಅವನ ಕೇರಿಯನ್ನೆಲ್ಲ ದೂರಬೇಡ, ಸಿಟ್ಟು ಬಂದ ದಿನ ನೆರೆಯವರ ಮನೆಗೆ ಒಮ್ಮೆ ಹೋಗಿ ಬಾ. ಇಷ್ಟು ಕಲಿತ ಮಗು ಬೀದಿಯಲ್ಲಿ ಕಲ್ಲೆತ್ತುವ ಮೊದಲು ನಿಂತು ಯೋಚಿಸುತ್ತದೆ. ನಮ್ಮ ಊರುಗಳನ್ನು ಉಳಿಸಲು ಆ ಒಂದು ಗಳಿಗೆಯ ಯೋಚನೆ ಬೇಕು. ಅದನ್ನು ಕಲಿಸುವ ಹೊಣೆ ಪ್ರತಿ ಮನೆಯ ಹಿರಿಯರದು.