ದೋಷಾರೋಪವೂ ದೋಷನಿರ್ಣಯವೂ

ದೋಷವನ್ನು ಕಾಣುವುದು ಬೇರೆ, ದೋಷದ ಕಾರಣವನ್ನು ಕಾಣುವುದು ಬೇರೆ. ಮೊದಲನೆಯದಕ್ಕೆ ಕಣ್ಣು ಕಿವಿಗಳಿದ್ದರೆ ಸಾಕು. ಎರಡನೆಯದಕ್ಕೆ ತಾಳ್ಮೆಯೂ, ಪಕ್ಷಪಾತವಿಲ್ಲದ ಬುದ್ಧಿಯೂ, ಎಲ್ಲಕ್ಕಿಂತ ಮಿಗಿಲಾಗಿ ತನ್ನನ್ನೇ ಶಂಕಿಸಿಕೊಳ್ಳುವ ಧೈರ್ಯವೂ ಬೇಕು. ಲೋಕದಲ್ಲಿಯಾದರೋ ಈ ಅಂತರವನ್ನು ಗಮನಿಸದೆ, ದೋಷವು ಕಂಡೊಡನೆಯೇ ಅದನ್ನು ಹತ್ತಿರದಲ್ಲಿದ್ದವನ ತಲೆಗೆ ಕಟ್ಟುವವರೇ ಬಹುಮಂದಿ. ಇದರ ಯುಕ್ತಾಯುಕ್ತತೆಯನ್ನು ವಿಚಾರಿಸುವುದಕ್ಕೆ ದೊಡ್ಡ ಗ್ರಂಥಗಳನ್ನೇ ತೆರೆಯಬೇಕೆಂದಿಲ್ಲ; ಮನೆಯಂಗಳದಲ್ಲಿ ನಿಂತಿರುವ ಹಳೆಯ ಮೋಟಾರು ಗಾಡಿಯೊಂದು ಸಾಕು.

2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ಗಾಡಿಯನ್ನು ಅರಿಯದವರು ಕಡಮೆ. ಅದರ ಹಳೆಯ ಪೆಟ್ರೋಲ್ ಇಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳುಂಟು. ಒಂದು, ಮೂರು, ನಾಲ್ಕು, ಎರಡು ಎಂಬ ಕ್ರಮದಲ್ಲಿ ಅವುಗಳೊಳಗೆ ಕಿಡಿ ಹಾರಿ ಇಂಧನವು ಉರಿಯಬೇಕು. ಇಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಹೀಗೆ ಸೆಕೆಂಡಿಗೆ 100 ಕಿಡಿಗಳು ಬೇಕಾಗುತ್ತವೆ. ಒಂದು ಸಿಲಿಂಡರು ತನ್ನ ಸರದಿಯನ್ನು ತಪ್ಪಿಸಿದರೂ ಗಾಡಿ ಕುಂಟುತ್ತದೆ. ಇದನ್ನೇ ಮೆಕ್ಯಾನಿಕರು ‘ಮಿಸ್ಸಿಂಗ್’ ಎನ್ನುತ್ತಾರೆ. ಇಂಧನವು ಸರಿಯಾಗಿ ಉರಿಯುವುದಕ್ಕೆ ಮೂರು ಅಂಗಗಳು ಕೂಡಿಬರಬೇಕು: ಸಕಾಲದಲ್ಲಿ ಹಾರುವ ಬಲವಾದ ಕಿಡಿ, ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲು, ಆ ಮಿಶ್ರಣವನ್ನು ಸೋರಗೊಡದೆ ಅದುಮಿ ಹಿಡಿಯುವ ಬಿಗಿ. ಇವುಗಳಲ್ಲಿ ಯಾವುದು ಕೆಟ್ಟರೂ ಕುಂಟು ಒಂದೇ ಬಗೆಯಾಗಿ ಕೇಳಿಸಬಹುದು. ಹಲವು ಕಾರಣಗಳ ಕೂಟದಿಂದ ಹುಟ್ಟುವ ಕಾರ್ಯವನ್ನು ಅರಿಯುವ ಬುದ್ಧಿಗೆ ಚರಕಸಂಹಿತೆಯು ‘ಯುಕ್ತಿ’ ಎಂದು ಹೆಸರಿಟ್ಟು, ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನಗಳೊಡನೆ ಅದನ್ನು ನಾಲ್ಕನೆಯ ಪರೀಕ್ಷೆಯಾಗಿ ಎಣಿಸಿರುವುದು ಇಲ್ಲಿ ಸ್ಮರಣೀಯವಾಗಿದೆ.

ಒಂದು ಮನೆಯನ್ನು ದೃಷ್ಟಾಂತವಾಗಿ ಕಲ್ಪಿಸಿಕೊಳ್ಳಬಹುದು. ಯಜಮಾನನಿಗೆ ತಂದೆಯಿಂದ ಬಂದ ಅಂಬಾಸಿಡರ್ ಗಾಡಿ. ಅದರ ಆರೈಕೆಯನ್ನೆಲ್ಲ ಸ್ವಹಸ್ತದಿಂದಲೇ ಮಾಡುವ ಅಭಿಮಾನ. ಮನೆಯಲ್ಲಿ ಆಶ್ರಯಪಡೆದು ಕಾಲೇಜಿನಲ್ಲಿ ಓದುತ್ತಿರುವ ಸೋದರಳಿಯ. ಒಂದು ಭಾನುವಾರ ಹುಡುಗನು ಮಾವನಿಗೆ ಸಂತೋಷವಾಗಲೆಂದು ಗಾಡಿಯನ್ನು ತೊಳೆದನು. ಸೋಮವಾರ ಬೆಳಿಗ್ಗೆ ಗಾಡಿ ಕುಂಟಿತು. “ಇಂಜಿನ್ನಿನ ಮೇಲೆ ನೀರು ಸುರಿದೆಯಲ್ಲ, ನಿನಗೆ ಯಾರು ಹೇಳಿದರು?” ಎಂದು ಯಜಮಾನನು ಗದರಿದನು. “ಬಾನೆಟ್ಟನ್ನು ತೆರೆಯಲೇ ಇಲ್ಲ ಮಾವ” ಎಂದ ಹುಡುಗನ ಮಾತು ಅಂದು ಸಾಕ್ಷ್ಯವೆನಿಸಲಿಲ್ಲ. ಅನ್ಯರ ಅನ್ನವನ್ನು ಉಣ್ಣುವವನ ಮಾತಿಗೆ ಅಷ್ಟರಮಟ್ಟಿಗೆ ತೂಕ ಕಡಮೆ. ಅವನು ಆಮೇಲೆ ಗಾಡಿಯ ಹತ್ತಿರ ಸುಳಿಯುವುದನ್ನು ಬಿಟ್ಟನು. ಊಟದ ಹೊತ್ತಿನಲ್ಲಿ ಮಾತನ್ನೂ ಕಡಮೆ ಮಾಡಿದನು.

ಯಜಮಾನನ ಊಹೆಯು ನಿರಾಧಾರವೆನ್ನುವಂತಿಲ್ಲ. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಸೇರಿದರೆ ಕಿಡಿಯು ದಾರಿ ತಪ್ಪುವುದು ನಿಜ. ಆದರೆ ಊಹೆಯು ಸಂಭಾವ್ಯವಾದ ಮಾತ್ರಕ್ಕೆ ನಿರ್ಣಯವಾಗದು. ಕಾಗೆ ಕುಳಿತಾಗಲೇ ತಾಳೆಯ ಹಣ್ಣು ಬಿದ್ದರೆ ಕಾಗೆಯೇ ಬೀಳಿಸಿತೆನ್ನಬಹುದೆ? ಮುಚ್ಚಳವನ್ನು ಬಿಚ್ಚಿ ನೋಡಲು ಒಳಗೆ ತೇವವಿರಲಿಲ್ಲ. ಒಣಬಟ್ಟೆಯಿಂದ ಒರೆಸಿದರೂ ಕುಂಟು ಹೋಗಲಿಲ್ಲ. ಕಾರಣವೆಂದು ಹೇಳಿದುದು ಇಲ್ಲದಿರುವಾಗಲೂ ಕಾರ್ಯವು ಕಂಡುಬಂದರೆ ಆ ಕಾರಣತ್ವವು ಅಲ್ಲಿಗೆ ಮುರಿಯಿತು. ಹುಡುಗನನ್ನು ಕರೆದು ಒಂದು ಮಾತು ಹೇಳುವುದಕ್ಕೆ ಅದೇ ಸಮಯವಾಗಿತ್ತು. ಯಜಮಾನನು ಹೇಳಲಿಲ್ಲ, ಏಕೆಂದರೆ ನಿಜವಾದ ಕಾರಣವು ಇನ್ನೂ ಸಿಕ್ಕಿರಲಿಲ್ಲ. ಅಪರಾಧಿ ದೊರೆಯುವವರೆಗೂ ನಿರಪರಾಧಿಯನ್ನು ಬಿಡಲಾಗದೆಂಬ ಈ ಕುತರ್ಕವು ಎಷ್ಟೋ ಮನೆಗಳಲ್ಲಿ ಕಾಣುವಂಥದು.

ಮುಂದೆ ಯಜಮಾನನು ಪ್ಲಗ್ಗಿನ ವಯರುಗಳನ್ನು ಒಂದೊಂದಾಗಿ ತೆಗೆದು ನೋಡಿದನು. ಕೆಲಸಮಾಡುತ್ತಿರುವ ಸಿಲಿಂಡರಿನ ವಯರನ್ನು ತೆಗೆದರೆ ಇಂಜಿನ್ನು ಇನ್ನಷ್ಟು ಕುಗ್ಗುತ್ತದೆ. ಸುಮ್ಮನಿರುವ ಸಿಲಿಂಡರಿನದನ್ನು ತೆಗೆದರೆ ಯಾವ ವ್ಯತ್ಯಾಸವೂ ಆಗದು. (ಈ ಪರೀಕ್ಷೆಯನ್ನು ಬಯಲಿನಲ್ಲಿ, ವಿದ್ಯುತ್ತು ಹರಿಯದ ಹಿಡಿಯುಳ್ಳ ಇಕ್ಕಳದಿಂದ ಮಾಡತಕ್ಕದ್ದು, ವಯರಿನಲ್ಲಿ ಸಾವಿರಾರು ವೋಲ್ಟುಗಳಿರುತ್ತವೆ, ಮುಚ್ಚಿದ ಕೊಟ್ಟಿಗೆಯಲ್ಲಿ ಹೊಗೆ ಪ್ರಾಣಾಪಾಯಕರ.) ಎರಡನೆಯ ಸಿಲಿಂಡರಿನ ವಯರನ್ನು ತೆಗೆದಾಗ ವ್ಯತ್ಯಾಸವೇ ಆಗಲಿಲ್ಲ. ಅದರ ಪ್ಲಗ್ಗನ್ನು ಬಿಚ್ಚಿದರೆ ಕಪ್ಪಾಗಿ ಒದ್ದೆಯಾಗಿತ್ತು. “ಸಿಕ್ಕಿತು ಕಳ್ಳ” ಎಂದುಕೊಂಡು ಯಜಮಾನನು ಹೊಸ ಪ್ಲಗ್ಗನ್ನು ಹಾಕಿದನು. ಗಾಡಿ ಚೆನ್ನಾಗಿ ಓಡಿತು. ಹತ್ತು ದಿನಗಳ ಮೇಲೆ ಮತ್ತೆ ಕುಂಟಿತು.

ಇಲ್ಲಿ ವ್ಯವಹಾರಜ್ಞರು ಒಂದು ಆಕ್ಷೇಪವನ್ನು ತರಬಹುದು. ಗಾಡಿ ಓಡಿದರಾಯಿತು, ಕಾರಣವನ್ನು ಕೆದಕುವುದು ಪಂಡಿತರ ಚಪಲವಲ್ಲವೆ? ಸಮಾಧಾನವೇನೆಂದರೆ, ಕಾರಣವನ್ನು ಅರಿಯದೆ ದೊರೆತ ಪರಿಹಾರವು ಸಾಲವಾಗಿ ತಂದ ಧನದಂತೆ. ಅದು ಬಂದ ದಾರಿಯಲ್ಲಿಯೇ ಹೋಗುತ್ತದೆ. ಅಲ್ಲದೆ, ಕಪ್ಪಾದ ಪ್ಲಗ್ಗು ಅಪರಾಧಿಯೂ ಆಗಿರಬಹುದು, ಅಪರಾಧಕ್ಕೆ ಸಿಕ್ಕಿದುದೂ ಆಗಿರಬಹುದು. ಸಿಲಿಂಡರಿನಲ್ಲಿ ಇಂಧನವು ಉರಿಯದಿದ್ದರೆ, ಉರಿಯದ ಪೆಟ್ರೋಲೇ ಪ್ಲಗ್ಗನ್ನು ತೋಯಿಸಿ ಕೆಡಿಸುತ್ತದೆ. ಕಾರ್ಯವನ್ನೇ ಕಾರಣವೆಂದು ತಿಳಿಯುವ ಭ್ರಮೆ ಇದು. ತಿಂಗಳುಗಟ್ಟಲೆ ಬೈಸಿಕೊಂಡು ಮಂಕಾದ ವಿದ್ಯಾರ್ಥಿಯನ್ನು ನೋಡಿ, ಇವನು ಮಂಕನಾದುದರಿಂದಲೇ ಬೈಸಿಕೊಳ್ಳುತ್ತಾನೆ ಎನ್ನುವ ಉಪಾಧ್ಯಾಯನ ತಪ್ಪೂ ಇದೇ ಜಾತಿಯದು.

ಈ ಸಂದೇಹವನ್ನು ಕಳೆಯುವುದಕ್ಕೆ ಸುಲಭವಾದ ಪರೀಕ್ಷೆಯೊಂದುಂಟು. ಎರಡನೆಯ ಸಿಲಿಂಡರಿನ ಪ್ಲಗ್ಗನ್ನು ಚೊಕ್ಕಟಮಾಡಿ ಮೂರನೆಯದಕ್ಕೂ, ಮೂರನೆಯದರದನ್ನು ಎರಡನೆಯದಕ್ಕೂ ಹಾಕಬೇಕು. ಬೇರೆ ಯಾವುದನ್ನೂ ಮುಟ್ಟಬಾರದು. ಕುಂಟು ಪ್ಲಗ್ಗಿನೊಡನೆ ಹೋದರೆ ದೋಷವು ಪ್ಲಗ್ಗಿನದು. ಎರಡನೆಯದರಲ್ಲಿಯೇ ಉಳಿದರೆ ದೋಷವು ಸ್ಥಾನದ್ದು. ಅನ್ವಯವ್ಯತಿರೇಕಗಳನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಯು ಪಾಠಶಾಲೆಯ ಹೊಗೆ-ಬೆಂಕಿಗಳಲ್ಲಿಯೂ ದೊರೆಯದು. ಯಜಮಾನನ ಗಾಡಿಯಲ್ಲಿ ಕುಂಟು ಸ್ಥಾನವನ್ನು ಬಿಡಲಿಲ್ಲ. ಮನುಷ್ಯರ ವಿಷಯದಲ್ಲಿ ಈ ಪರೀಕ್ಷೆಯನ್ನು ಎಷ್ಟುಮಂದಿ ಮಾಡುತ್ತಾರೆ? ಕಚೇರಿಯೊಂದರ ಒಂದೇ ಕುರ್ಚಿಯಲ್ಲಿ ಒಬ್ಬರಾದ ಮೇಲೊಬ್ಬರು ಮೂವರು ಗುಮಾಸ್ತರು ಕೆಟ್ಟವರೆನಿಸಿಕೊಂಡರೆ, ಕುರ್ಚಿಯ ಸುತ್ತಣ ಏರ್ಪಾಟನ್ನು ವಿಚಾರಿಸುವುದೇ ನ್ಯಾಯವಷ್ಟೆ.

ಕೊನೆಗೆ ಕಂಪ್ರೆಷನ್ ಮಾಪಕವು ಬಂದಿತು. ಮೂರು ಸಿಲಿಂಡರುಗಳ ಒತ್ತಡವು ಒಂದಕ್ಕೊಂದು ಸಮೀಪವಾಗಿದ್ದಿತು. ಎರಡನೆಯದು ಅವುಗಳ ಅರ್ಧದಷ್ಟು. ಅದರೊಳಗೆ ಒಂದು ಚಮಚ ಎಣ್ಣೆಯನ್ನು ಬಿಟ್ಟು ಮತ್ತೆ ಅಳೆದಾಗ ಒತ್ತಡವು ಏರಿದ್ದರೆ ಪಿಸ್ಟನ್ನಿನ ರಿಂಗುಗಳು ಸವೆದಿವೆಯೆಂದು ಊಹಿಸಬಹುದಾಗಿತ್ತು. ಏರಲಿಲ್ಲ, ಸೋರಿಕೆಯು ವಾಲ್ವಿನ ಕಡೆಗೆ ಬೆರಳು ತೋರಿಸಿತು. ಟ್ಯಾಪೆಟ್ಟಿನ ಮುಚ್ಚಳವನ್ನು ತೆಗೆದು ಸಂದನ್ನು ಅಳೆಯುವಾಗ ಯಜಮಾನನ ಕೈ ನಿಂತಿತು. ಎರಡನೆಯ ಸಿಲಿಂಡರಿನ ಎಗ್ಸಾಸ್ಟ್ ವಾಲ್ವಿಗೆ ಸಂದೇ ಇರಲಿಲ್ಲ. ಎರಡು ತಿಂಗಳ ಹಿಂದೆ, ಅದೊಂದು ಟಕಟಕನೆ ಸದ್ದುಮಾಡುತ್ತದೆಂದು, ಅದನ್ನು ಬಿಗಿಮಾಡಿ ಸದ್ದಡಗಿಸಿದವನು ಬೇರೆ ಯಾರೂ ಅಲ್ಲ, ಅವನೇ.

ಕಾದ ಲೋಹವು ಹಿಗ್ಗುತ್ತದೆ. ಅದಕ್ಕಾಗಿಯೇ ಆ ಸಂದನ್ನು ಬಿಡುವುದು. ಸಂದಿಲ್ಲದಿದ್ದರೆ ವಾಲ್ವು ತನ್ನ ಪೀಠದ ಮೇಲೆ ಪೂರ್ತಿಯಾಗಿ ಕೂರದು. ಉರಿಯುವ ಅನಿಲವು ಅಂಚಿನಲ್ಲಿ ನುಗ್ಗಿ ಅದನ್ನು ಸುಡುತ್ತದೆ. ಸಣ್ಣ ಸದ್ದು ಆರೋಗ್ಯದ ಲಕ್ಷಣವಾಗಿದ್ದಿತು. ಬಲವಂತದಿಂದ ತಂದ ಮೌನವೇ ರೋಗವಾಯಿತು. ಮನೆಯಲ್ಲಿ ಕಿರಿಯರ ಮಾತನ್ನು ಅಡಗಿಸಿ ಶಾಂತಿಯನ್ನು ಗಳಿಸಿದೆನೆಂದು ತಿಳಿಯುವವರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಇಷ್ಟೆಲ್ಲ ಪರೀಕ್ಷೆಗಳಲ್ಲಿ ನೀರು, ಮುಚ್ಚಳ, ವಯರು, ಪ್ಲಗ್ಗು, ಹುಡುಗ ಎಲ್ಲರೂ ಶಂಕೆಗೆ ಒಳಗಾದರು, ಪರೀಕ್ಷಕನೊಬ್ಬನೇ ಹೊರಗುಳಿದಿದ್ದನು. ಹೊಸ ಗಾಡಿಗಳಲ್ಲಿ ಈ ಶೋಧನೆಯ ಒಂದು ಭಾಗವನ್ನು ಕಂಪ್ಯೂಟರೇ ಮಾಡುತ್ತದೆ. ಪಿ0302 ಎಂಬ ಸಂಕೇತವು ಎರಡನೆಯ ಸಿಲಿಂಡರು ತಪ್ಪುತ್ತಿದೆಯೆಂದು ಸಾರುತ್ತದೆ. ಆದರೆ ಅದು ಹೇಳುವುದು ‘ಎಲ್ಲಿ’ ಎಂಬುದನ್ನು, ‘ಏಕೆ’ ಎಂಬುದನ್ನಲ್ಲ. ‘ಯಾರಿಂದ’ ಎಂಬುದನ್ನಂತೂ ಎಂದಿಗೂ ಹೇಳದು. ಅದನ್ನು ಮನುಷ್ಯನೇ ತನ್ನ ಬಾಯಿಂದ ಹೇಳಬೇಕು.

ವಾಲ್ವಿನ ಅಂಚು ಸುಟ್ಟಿದ್ದುದರಿಂದ ಹೆಡ್ಡನ್ನು ಬಿಚ್ಚಿಸಬೇಕಾಯಿತು; ಖರ್ಚೂ ಆಯಿತು. ಆದರೆ ಗಾಡಿಗೂ ಮನುಷ್ಯನಿಗೂ ಇರುವ ಭೇದವು ತೋರುವುದು ಇಲ್ಲಿಯೇ. ತಪ್ಪಿಲ್ಲದೆ ಬಿಚ್ಚಿದ ಪ್ಲಗ್ಗನ್ನು ಒರೆಸಿ ಮತ್ತೆ ಹಾಕಿದರೆ ಸರಿಹೋಯಿತು. ಅದು ಹಿಂದಿನದನ್ನು ನೆನೆಯದು. ತಪ್ಪಿಲ್ಲದೆ ಬೈಸಿಕೊಂಡ ಹುಡುಗನು ನೆನೆಯುತ್ತಾನೆ. ಆದುದರಿಂದ ಮನುಷ್ಯರ ವಿಷಯದಲ್ಲಿ ನಿರ್ಣಯದೊಡನೆ ಕರ್ತವ್ಯವು ಮುಗಿಯದು. ಯಾರೆದುರಿಗೆ ಆರೋಪವಾಯಿತೋ ಅವರೆದುರಿಗೇ ಅದನ್ನು ಹಿಂತೆಗೆಯುವುದೂ ನಿರ್ಣಯದ ಅಂಗವೇ. ಆ ಯಜಮಾನನು ರಾತ್ರಿ ಎಲ್ಲರೂ ಊಟಕ್ಕೆ ಕುಳಿತಾಗ, “ಗಾಡಿ ಕೆಟ್ಟದ್ದು ನನ್ನ ಕೈಯಿಂದ ಕಣಯ್ಯ, ನೀನು ತೊಳೆದದ್ದರಿಂದ ಅಲ್ಲ” ಎಂದು ಹೇಳಿದರೆ, ಅಂದಿಗೆ ಅವನು ಗಾಡಿಯನ್ನು ಮಾತ್ರವಲ್ಲ, ಮನೆಯನ್ನೂ ಸರಿಪಡಿಸಿದನೆಂದು ತಿಳಿಯಬೇಕು. ಹೇಳದೆಹೋದರೆ ನಾಲ್ಕು ಸಿಲಿಂಡರುಗಳು ಸರಿಯಾಗಿ ಉರಿಯುತ್ತಿರಬಹುದು. ಮನೆ ಮಾತ್ರ ಕುಂಟುತ್ತಲೇ ಇರುತ್ತದೆ.